ಗನ್ ತೊಳೆಯುವ ಕೆಲಸ

ನಮ್ಮ ಅತ್ತೆಯ ವರ್ಕ್‌ಶಾಪಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತೇವೆ. ಬಣ್ಣ ಬೆರೆಸುವವಳು ನಾನು, ಹೊಡೆಯುವವರು ಅತ್ತೆ ಮತ್ತು ಅವರ ಮಗ. ಕೆಲಸ ಮುಗಿದ ಮೇಲೆ ಬಣ್ಣ ಹೊಡೆಯುವ ಗನ್ನನ್ನು ಬಿಚ್ಚಿ ಥಿನ್ನರ್‌ನಲ್ಲಿ ತೊಳೆಯಬೇಕು. ಕೈ ಉರಿಯುತ್ತದೆ, ತಲೆ ನೋಯುತ್ತದೆ. ಯಾರಿಗೂ ಬೇಡದ ಆ ಕೆಲಸವನ್ನು ಅತ್ತೆಯ ಮಗ ತಾನೇ ಮಾಡುತ್ತೇನೆಂದು ಮುಂದೆ ಬಂದಾಗ ನಾವೆಲ್ಲ ಮೆಚ್ಚಿಕೊಂಡೆವು. ಹದಿನೆಂಟು ವರ್ಷದ ಅವನು ಬಾಗಿಲಿಗೆ ತಲೆ ತಗಲುವಷ್ಟು ಉದ್ದ. ಎಲ್ಲರಿಗೂ ಅವನು ಏಣಿ.

"ಅಕ್ಕಾ, ಮಗ ದಾರಿಗೆ ಬಂದ ಬಿಡಿ," ಎಂದರು ಟಿಂಕರ್ ಮಾಮ. ನೆಗ್ಗಿದ ತಗಡು ಸರಿಮಾಡುವುದು ಅವರ ಕೆಲಸ. ಕೇಳದವರಿಗೆ ಬುದ್ಧಿ ಹೇಳುವುದು ಹವ್ಯಾಸ.

ಅತ್ತೆ ಹಿಗ್ಗಲಿಲ್ಲ. "ತಿಂದ ತಟ್ಟೆ ಎತ್ತದವನು ಗನ್ ತೊಳೀತಾನಾ?" ಎಂದು ಹಿಂದಿನ ಕೋಣೆಗೆ ನಡೆದರು. ನಾನೂ ಹೋದೆ.

ಏಣಿ ಗೋಡೆಗೊರಗಿ ಕೂತಿದ್ದ. ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡಿದ್ದ. ಕಣ್ಣು ನಮ್ಮ ಕಡೆಗಿದ್ದರೂ ನಮ್ಮನ್ನು ನೋಡುತ್ತಿರಲಿಲ್ಲ. ಅತ್ತೆ ಕಿರುಚಲಿಲ್ಲ. ಬಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡರು. ಕಿಟಕಿ ತೆರೆದು, ಅವನ ರಟ್ಟೆ ಹಿಡಿದು ಹೊರಗೆ ಗಾಳಿಗೆ ಕೂರಿಸಿದರು.

"ಎರಡು ಬಿಗೀರಿ, ನಶೆ ಇಳಿಯುತ್ತೆ," ಎಂದರು ಮಾಮ.

"ಬಿಗಿದ್ರೆ ನಾಳೆಯಿಂದ ಕದ್ದು ಮಾಡ್ತಾನೆ. ಈಗ ಕಣ್ಣಿಗಾದ್ರೂ ಬಿದ್ದಿದ್ದಾನೆ. ಸುಮ್ನಿರು ನೀನು."

ಮರುದಿನ ವರ್ಕ್‌ಶಾಪಿಗೆ ಬೀಗ ಬಿತ್ತು. ಅತ್ತೆ, ಏಣಿ, ನಾನು ಮೂವರೂ ಆಸ್ಪತ್ರೆಗೆ ಹೊರಟೆವು.

"ನಂಗೇನಾಗಿದೆ ಅಂತ ಡಾಕ್ಟರು?" ಎಂದು ಏಣಿ ದಾರಿಯುದ್ದಕ್ಕೂ ಗೊಣಗಿದ.

"ಹಲ್ಲಲ್ಲಿ ಸಣ್ಣ ತೂತಿದ್ದಾಗ್ಲೇ ತೋರಿಸ್ಬೇಕು ಕಣೋ. ದವಡೆ ಊದೋ ತನಕ ಕಾಯೋದು ನಿಮ್ಮಪ್ಪನ ಬುದ್ಧಿ."

ಡಾಕ್ಟರಮ್ಮ ಮೊದಲು ಅವನೊಬ್ಬನನ್ನೇ ಕೂರಿಸಿಕೊಂಡು ಕೇಳಿದರು. ಆಮೇಲೆ ಅವನ ಒಪ್ಪಿಗೆ ಪಡೆದೇ ನಮ್ಮನ್ನು ಕರೆದರು. "ಬೇಗ ಬಂದಿದ್ದೀರಿ, ಒಳ್ಳೇದಾಯ್ತು. ಇದನ್ನ ಮೂಸ್ತಾ ಇದ್ದಾಗ್ಲೇ ಹೃದಯ ನಿಂತವರಿದ್ದಾರೆ. ವಾರವಾರ ಬಂದು ನನ್ನ ಹತ್ರ ಮಾತಾಡ್ಲಿ. ಥಿನ್ನರ್ ಇರೋ ಕಡೆ ಕೆಲಸ ಮಾತ್ರ ಬೇಡ."

ಅತ್ತೆಯ ಮುಖ ಬಾಡಿದ್ದು ಆಗಲೇ. ನಮ್ಮಲ್ಲಿ ಅವನಷ್ಟು ನಯವಾಗಿ ಬಣ್ಣ ಹೊಡೆಯುವವರಿರಲಿಲ್ಲ. ವರ್ಕ್‌ಶಾಪನ್ನು ಅವನ ಕೈಗೊಪ್ಪಿಸುವ ಆಸೆಯಲ್ಲೇ ಅವರು ಇಷ್ಟು ವರ್ಷ ದುಡಿದಿದ್ದರು.

ಮೆಟ್ಟಿಲಿಳಿಯುತ್ತ ಏಣಿ ಕೇಳಿದ, "ಬೇರೆ ಏನು ಬರುತ್ತಮ್ಮ ನಂಗೆ?"

"ಕಲಿ. ನಾನೇನು ಗನ್ ಹಿಡ್ಕೊಂಡೇ ಹುಟ್ಟಿದ್ನಾ?"

ಅತ್ತೆ ಅವನನ್ನು ಎರಡು ಬೀದಿ ಆಚೆಯ ವೈರಿಂಗ್ ಅಂಗಡಿಗೆ ಸೇರಿಸಿದರು. ಕಾರುಗಳ ದೀಪ, ಹಾರನ್ನು, ತಂತಿಗಳ ಕೆಲಸ. ಆ ಸಿಟ್ಟಿಗೆ ಏಣಿ ಅಮ್ಮನ ಜೊತೆ ಮಾತು ಬಿಟ್ಟ. ಅತ್ತೆ ದಿನವೂ ಊಟದ ಡಬ್ಬಿ ಕೊಟ್ಟು ಬರುತ್ತಿದ್ದರು. ಮಾತು ಬಿಟ್ಟವನು ಊಟ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಕಾರಿನ ಬಾಗಿಲೊಂದಕ್ಕೆ ಬಣ್ಣ ಹೊಡೆಯುತ್ತಿದ್ದರು. ಹೊಡೆಯಲು ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಗೆರೆ ಬೀಳುತ್ತದೆ. ಪೂರ್ತಿ ಉಜ್ಜಿ ಮತ್ತೆ ಮೊದಲಿಂದ ಹೊಡೆಯಬೇಕು. ಅರ್ಧ ಮುಗಿದಿತ್ತು. ಗೇಟಿನ ಆಚೆಯಿಂದ ದನಿ ಬಂತು.

"ಅಮ್ಮಾ."

ಏಣಿ ನಿಂತಿದ್ದ, ಗೇಟಿನ ಸರಳು ಹಿಡಿದುಕೊಂಡು.

"ನಾನು ಒಳಗೆ ಬರಲ್ಲ. ಬೆಳಿಗ್ಗೆಯಿಂದ ಅದೇ ಬೇಕು ಅನ್ನಿಸ್ತಿದೆ. ನೀನೇ ಆಚೆ ಬಾ."

ಅತ್ತೆ ಗನ್ ಕೆಳಗಿಟ್ಟರು. ಮುಖದ ಮಾಸ್ಕ್ ಕಿತ್ತು ನನ್ನ ಕೈಗೆ ಕೊಟ್ಟು, ಮೇಲಂಗಿ ಕಳಚಿ ಹೋಗೇಬಿಟ್ಟರು.

"ಬಾಗಿಲು ಕೆಟ್ಟೋಯ್ತಲ್ಲೇ!" ಎಂದರು ಮಾಮ.

"ಉಜ್ಜೋಣ ಬಿಡಿ ಮಾಮ."

ಗೇಟಿನ ತನಕ ಹೋಗಿ ನೋಡಿದೆ. ಇಬ್ಬರೂ ಬೀದಿಯ ಕೊನೆಗೆ ನಡೆದು ಒಂದು ಕಟ್ಟೆಯ ಮೇಲೆ ಕೂತಿದ್ದರು. ಏಣಿ ಕೈ ಆಡಿಸುತ್ತ ಒಂದೇ ಸಮನೆ ಹೇಳುತ್ತಿದ್ದ. ಯಾರನ್ನೂ ಪೂರ್ತಿ ಮಾತಾಡಲು ಬಿಡದ ನಮ್ಮ ಅತ್ತೆ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು.