ಎಳೆ ಹರಿದ ಜಾಗ

ಮತ್ತೆ ಹರಿಯಿತು, ಲಾಳಿಯ ಕಂಡಿಕೆಗೆ ನೂಲು ಸುತ್ತುವ ಮೋಟಾರು ಬರಿದೇ ಗಿರ್ರನೆ ತಿರುಗುತ್ತಿದೆ, ರೇಷ್ಮೆ ಎಳೆ ಎಲ್ಲಿ ಅಡಗಿತೋ, ಜಹೀರುನ್ನೀಸಾ ಕಣ್ಣನ್ನು ನೆಚ್ಚುವುದಿಲ್ಲ, ಬೆರಳ ತುದಿಯಲ್ಲೇ ತಡವುತ್ತಾಳೆ, ಸಿಕ್ಕಿತು, ಹೊಸೆದು ಒಂದು ಗಂಟು, ಈಗ ಶುರುವಾಗಬೇಕು, ಈಗ — ಯಾರೂ ಬಾರಿಸಲಿಲ್ಲ. ಹೌದಲ್ಲ, ಗಂಡ ಮಸ್ತಾನ್ ಸಾಬರು ಹೋಗಿ ಒಂದು ರಂಜಾನು ಕಳೆಯಿತು, ಪಿಟೀಲು ಚೀಲದೊಳಗೆ ಗೋಡೆಗೆ ನೇತಾಡುತ್ತಿದೆ, ಕಿವಿಗೆ ಮಾತ್ರ ಇನ್ನೂ ಬುದ್ಧಿ ಬಂದಿಲ್ಲ. ಇವತ್ತೇ ಕಡೆ ನಾನಿ, ಬೆಳಿಗ್ಗೆ ಟೀ ಕುಡಿಯುತ್ತ ಮೊಮ್ಮಗಳು ಫಿಝಾ ಹೇಳಿದ್ದು, ಐಲೀನ್ ಮೇಡಂ ಮಟ್ಟುಗಳ ಪುಸ್ತಕ ಅಚ್ಚಿಗೆ ಹೋಗ್ತದೆ, ಯಾಕೆ ಅಂತ ನೀನು ಬರೆದುಕೊಡದಿದ್ರೆ ನಮ್ಮ ನಾನಾ ಬಾರಿಸ್ತಾ ನಡುವೆ ನಿಲ್ಲಿಸೋದನ್ನ ತೆಗೆದುಬಿಡ್ತಾರಂತೆ, ತಪ್ಪು ಅಂದ್ಕೊಂಡು. ತಪ್ಪಂತೆ. ಐಲೀನು ಸ್ಕಾಟ್ಲೆಂಡಿನವಳು, ತಾನೂ ಪಿಟೀಲಿನವಳೇ, ಯಾರದೋ ಮದುವೆಗೆ ದೊಡ್ಡಬಳ್ಳಾಪುರಕ್ಕೆ ಬಂದು, ಇವರು ಬಾರಿಸೋದು ಕೇಳಿ ಶಾಮಿಯಾನದಲ್ಲೇ ಎದ್ದು ನಿಂತವಳು, ಇದು ನಮ್ಮ ಕಡೆಯ ರೀಲು, ನಿಮಗೆ ಹೇಗೆ ಬಂತು ಅಂತ ಎಲ್ಲಾ ಫೋನಿಗೆ ತುಂಬಿಕೊಂಡವಳು, ಅವಳ ಹೆಸರು ಕೇಳಿ ಇವರಿಗೆ ನಗು, ಐಲು ಅಂತ ಹೆಸರಿಟ್ಟುಕೊಂಡೇ ಬಂದಿದ್ದಾಳಲ್ಲೇ ಜಹೀರಾ, ನನಗಿಂತ ಒಂದು ಕೈ ಮೇಲೆ — ರೀಲು ಎಂದರೆ ಕುಣಿತದ ಮಟ್ಟು ಅಂತ ತಿಳಿದದ್ದೇ ಅವಳಿಂದ, ಅಲ್ಲಿಯತನಕ ಈ ಬೀದಿಗೆಲ್ಲ ಅದು ನೂಲಿನ ರೀಲು, ಮಗ್ಗದವರ ಮಟ್ಟು, ಪಕ್ಕದ ಮನೆ ಭಾಗ್ಯಮ್ಮ ಕೂಡ, ಸಾಬರೇ ಆ ರೀಲು ಬಾರಿಸಿ, ಕಂಡಿಕೆ ಬೇಗ ತುಂಬ್ತದೆ ಅನ್ನೋಳು. ಇವರ ಉಸ್ತಾದರು ದಂಡಿನ ಬ್ಯಾಂಡಿನವರು, ಅವರಿಗೆ ತಾತನಿಂದ ಬಂದದ್ದು, ತಾತನಿಗೆ ಬಿಳಿ ಸಿಪಾಯಿಗಳಿಂದ, ಮಟ್ಟಿನ ಮೊದಲರ್ಧ ಸ್ಕಾಟ್ಲೆಂಡಿನವರದು, ಕಮಾನು ಟಕ್ಕನೆ ಎಗರಬೇಕು, ಕುಂಟೋಬಿಲ್ಲೆ ಆಡೋ ಹುಡುಗಿಯ ಹಾಗೆ, ಉಳಿದರ್ಧ ಐರ್ಲೆಂಡಿನವರದು, ಅಲ್ಲಿ ಎಗರುವಂತಿಲ್ಲ, ಒಂದೇ ಸ್ವರದ ಸುತ್ತ ಬೆರಳು ಉರುಳಬೇಕು, ಎರಡನ್ನೂ ಸೇರಿಸಿ ಯಾರು ಹೊಲಿದರೋ. ಅಷ್ಟೆಲ್ಲ ಐಲೀನಿಗೆ ಕೇಳಿದೊಡನೆ ಗೊತ್ತಾಯಿತಂತೆ. ಗೊತ್ತಾಗದ್ದು ಒಂದೇ, ಎರಡರ ನಡುವೆ ಯಾಕೆ ನಿಲ್ಲಿಸುತ್ತಾರೆ, ಯಾವ ರೀಲೂ ನಿಲ್ಲುವುದಿಲ್ಲ, ಕುಣಿಯುವವರ ಕಾಲು ಏನಾಗಬೇಕು. ಏನಂತ ಬರೆಯೋದು. ಮದುವೆಯಾದ ಹೊಸತು, ರಾಟೆಯ ಮುಂದೆ ಅವಳು, ಮಂಚದ ಮೇಲೆ ಅವರು, ಎಗರೋದು ಮುಗಿದು ಉರುಳೋದು ಶುರುವಾಗಬೇಕು, ಸರಿಯಾಗಿ ಆಗಲೇ ಎಳೆ ಹರಿಯೋದು, ಕಮಾನು ಗಾಳಿಯಲ್ಲಿ ಎತ್ತಿ ಹಿಡಿದು ಕಾಯೋರು, ಒಳಗಿನಿಂದ ಅತ್ತೆ, ಯಾಕೋ ನಿಲ್ಲಿಸಿದೆ, ಏನಿಲ್ಲಮ್ಮಾ ತಂತಿ ಬಿಗೀತಿದೀನಿ — ಸುಳ್ಳು, ಇವಳನ್ನೇ ನೋಡುತ್ತ ಕೂತಿರೋರು, ಗಂಟು ಹಾಕಿ ತಲೆ ಎತ್ತಿದರೆ ಆಗ ಕಮಾನು ಇಳಿಯೋದು. ಆಮೇಲೆ ಎಳೆ ಹರಿಯದ ದಿನವೂ ಅಲ್ಲೇ ನಿಲ್ಲಿಸಿದರು, ಹೊಸಕೋಟೆಯ ಮದುವೆಯಲ್ಲಿ, ದೇವನಹಳ್ಳಿಯಲ್ಲಿ, ಅವಳಿಲ್ಲದ ಕಡೆಯಲ್ಲೂ. ಗಂಡ ಹೆಂಡಿರ ಇಂಥ ಮಾತನ್ನು ಸ್ಕಾಟ್ಲೆಂಡಿನ ತನಕ ಯಾರಾದರೂ ಬರೀತಾರಾ, ಮಗಳು ರುಕ್ಸಾನಾ ಓದಿದರೆ ಮುಖ ಎಲ್ಲಿಡೋದು, ಅದಕ್ಕೇ ಕಾಗದ ಸಲಾಮು ಕ್ಷೇಮದ ಸಾಲಿಗೇ ನಿಂತು ಸಕ್ಕರೆ ಡಬ್ಬಿಯ ಅಡಿ ಕೂತಿದೆ, ಬಾಯಲ್ಲೇ ಹೇಳು ನಾನಿ ವಾಟ್ಸಾಪಲ್ಲಿ ಕಳಿಸ್ತೀನಿ, ಬೇಡಮ್ಮ, ಬಾಯಲ್ಲಂತೂ ಆಗೋದೇ ಇಲ್ಲ. ಆದರೆ ತೆಗೆದುಬಿಟ್ಟರೆ — ಎಗರಿದ್ದೇ ಉರುಳೋದು, ನಡುವೆ ಏನೂ ಇಲ್ಲ, ಗಂಟು ಹಾಕೋಳಿಲ್ಲ, ಕಾಯೋರಿಲ್ಲ — ಹರಿಯಿತು, ಮತ್ತೆ. ಈ ಸಲ ಎಳೆ ಹುಡುಕಲಿಲ್ಲ, ಮೋಟಾರು ಆರಿಸಿದಳು, ಡಬ್ಬಿ ಸರಿಸಿದಳು, ರಾತ್ರಿಶಾಲೆಯಲ್ಲಿ ತಿದ್ದಿದ ಗುಂಡು ಅಕ್ಷರದಲ್ಲಿ ಬರೆದಳು, ಅದು ತಪ್ಪಲ್ಲ, ಅಲ್ಲಿ ನನ್ನ ಎಳೆ ಹರೀತಿತ್ತು, ನಾನು ಗಂಟು ಹಾಕೋವರೆಗೆ ಅವರು ಕಾಯೋರು, ದಯವಿಟ್ಟು ತೆಗೀಬೇಡಿ. ಫಿಝಾ ಓದಿದಳು, ಇನ್ನೊಂದು ಸಲ ಓದಿದಳು, ನಾನಾ ಭಾರಿ ಇದ್ರಲ್ಲ ನಾನಿ. ಬಾಯ್ಮುಚ್ಚಿಕೊಂಡು ಫೋಟೊ ತೆಗಿ. ತೆಗೆದಳು, ಅಡಿಯಲ್ಲಿ ಇಂಗ್ಲಿಷು ಬರೆದಳು, ಫೋನು ಮುಂದೆ ಹಿಡಿದಳು, ಇಲ್ಲಿ, ನೀನೇ ಒತ್ತು. ಓದು ಬರುವ ಮುಂಚೆ ಎಲ್ಲದಕ್ಕೂ ಮಸಿ ಹಚ್ಚಿಸಿಕೊಂಡ ಅದೇ ಹೆಬ್ಬೆಟ್ಟು, ಗಾಜಿನ ಮೇಲೆ ಎತ್ತಿ ನಿಂತಿದೆ, ಬೀದಿಯ ಮಗ್ಗಗಳು ಲಟಲಟ, ಒತ್ತಿದಳು, ಸುಯ್ ಎಂದಿತು, ಹೋಯಿತಾ, ಹೋಯ್ತು ನಾನಿ, ಹೋಯಿತು, ಮಂಚದ ಮೇಲೆ ಅವರು, ಗಂಟು ಬಿತ್ತಾ ಎಂದು ನೋಡುತ್ತ, ಕಮಾನು ಗಾಳಿಯಲ್ಲಿ, ಇನ್ನೂ ಇಳಿಸಿಲ್ಲ, ಕಮಾನು ಗಾಳಿಯಲ್ಲಿ —