ನಾಲ್ಕನೇ ಚಾನೆಲ್ಲಿನ ದನಿ

ಅಜ್ಜಂಪುರದಲ್ಲಿ ರೇಣುಕಪ್ರಸಾದ್ ಮದುವೆ, ಸಭೆಗಳಿಗೆ ಮೈಕ್ ಸೆಟ್ ಕೊಡುವ ಅಂಗಡಿ ಇಟ್ಟುಕೊಂಡಿದ್ದ. ಅಲ್ಲಿನ ಕಂಪ್ಯೂಟರ್ ಕೆಲಸವೆಲ್ಲ ಅವನ ಹೆಂಡತಿ ಸೌಮ್ಯಳದು. ಅವನ ತಾಯಿ ವಿಮಲಮ್ಮ ಹತ್ತಿರದ ಶಿವನಿ ಊರಿನ ಹೆಣ್ಣುಮಗಳು. ರಾಗಿ ಬೀಸುವಾಗಿನ ಪದಗಳು ಆಕೆಗೆ ರಾಶಿ ರಾಶಿ ಬರುತ್ತಿದ್ದವು. ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಗಿತ್ತು. ಆದರೂ ಐದು ಜನ ಗೆಳತಿಯರು ಮನೆಗೆ ಬಂದರೆಂದರೆ ಪದ ಶುರುವಾಗುತ್ತಿತ್ತು.

ಇದನ್ನು ಚೆನ್ನಾಗಿ ರೆಕಾರ್ಡ್ ಮಾಡಬೇಕೆಂದು ಸೌಮ್ಯಳಿಗೆ ಆಸೆ. ಆರು ಜನರಿಗೂ ಒಂದೊಂದು ಮೈಕ್ ಇಟ್ಟು, ಆರು ದನಿಗಳನ್ನು ಬೆರೆಸದೆ ಒಂದೇ ಫೈಲಿನಲ್ಲಿ ಆರು ಚಾನೆಲ್ಲುಗಳಾಗಿ ಕೂಡಿಸಿದಳು. ಸುತ್ತ ಸ್ಪೀಕರ್ ಇಟ್ಟು ಹಾಕಿದರೆ, ಕೇಳುವವರಿಗೆ ಆ ಹೆಂಗಸರ ನಡುವೆಯೇ ಕೂತಂತಾಗಬೇಕು ಎನ್ನುವುದು ಅವಳ ಲೆಕ್ಕಾಚಾರ.

ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಐದು ಸ್ಪೀಕರ್, ಒಂದು ಬೇಸ್ ಬಾಕ್ಸ್ ಜೋಡಿಸಿ ಎಲ್ಲರನ್ನೂ ಮಧ್ಯೆ ಕೂರಿಸಿದರು. ಪದ ಶುರುವಾಯಿತು. ಒಂದೊಂದು ದಿಕ್ಕಿನಿಂದ ತಮ್ಮದೇ ದನಿ ಬಂದಾಗ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ವಿಮಲಮ್ಮನ ದನಿ ಮಾತ್ರ ಎಲ್ಲೂ ಇರಲಿಲ್ಲ. ಬೇಸ್ ಬಾಕ್ಸ್ ಆಗೀಗ ಗುರ್ ಎನ್ನುತ್ತಿತ್ತು, ಅಷ್ಟೆ. ಸೌಮ್ಯ ಎಲ್ಲರ ಮೊಬೈಲಿಗೆ ಕಳಿಸಿದ್ದ ಪದದಲ್ಲೂ ಆಕೆಯ ದನಿ ಇರಲಿಲ್ಲ.

"ನಿನ್ ಸೊಸೆ ನಿನ್ ಬಾಯಿ ಮುಚ್ಚಿಸ್ಬಿಟ್ಲಲ್ಲೇ ವಿಮಲೀ!" ಎಂದಳು ಪಕ್ಕದಲ್ಲಿ ಕೂತಿದ್ದ ಗೆಳತಿ ಓಂಕಾರಮ್ಮ.

ಎಲ್ಲರೂ ನಕ್ಕರು. ವಿಮಲಮ್ಮನೂ ನಕ್ಕಳು. ಆದರೆ ಮನೆಗೆ ಬಂದವಳೇ ಎಲ್ಲರಿಗೂ ಬೆನ್ನು ಹಾಕಿ ಅವರೆಕಾಯಿ ಸುಲಿಯುತ್ತ ಕೂತಳು. ಸೌಮ್ಯಳಿಗೆ ಊಟ ಸೇರಲಿಲ್ಲ.

ಮರುದಿನ ಅಂಗಡಿ ತೆರೆದವಳೇ ಫೈಲನ್ನು ಬಿಡಿಸಿ ನೋಡಿದಳು. ತಪ್ಪು ತನ್ನದೇ. ಈ ಬಗೆಯ ಫೈಲಿನಲ್ಲಿ ನಾಲ್ಕನೇ ಚಾನೆಲ್ ಬೇಸ್ ಬಾಕ್ಸಿಗೆ ಮೀಸಲು. ತೀರಾ ತಗ್ಗಿನ ಸದ್ದು ಬಿಟ್ಟರೆ ಅಲ್ಲಿಂದ ಬೇರೇನೂ ಬರದು. ಮೊಬೈಲಿಗಾಗಿ ಎರಡು ಚಾನೆಲ್ಲಿಗೆ ಇಳಿಸುವಾಗ ಸಾಫ್ಟ್‌ವೇರ್ ಅದನ್ನು ಬಿಟ್ಟೇಬಿಟ್ಟಿತ್ತು. ಹೆಂಗಸರು ಕೂತಿದ್ದ ಕ್ರಮದಲ್ಲೇ ಲೆಕ್ಕ ಹಿಡಿದು ಸೌಮ್ಯ ಅತ್ತೆಯನ್ನು ಅದೇ ನಾಲ್ಕನೆಯದಕ್ಕೆ ಹಾಕಿದ್ದಳು.

ಹೆಡ್‌ಫೋನ್ ಹಾಕಿಕೊಂಡು ಆ ಚಾನೆಲ್ ಒಂದನ್ನೇ ಕೇಳಿದಳು. ಅತ್ತೆಯ ದನಿ ಪೂರ್ತಿ ಇತ್ತು. ಜೊತೆಗೆ ಇನ್ನೊಂದು ಸಂಗತಿಯೂ ಇತ್ತು. ಪ್ರತಿ ಸಾಲು ಮುಗಿಯುವಾಗ ವಿಮಲಮ್ಮ ಮುಂದಿನ ಸಾಲಿನ ಮೊದಲ ಶಬ್ದವನ್ನು ಪಿಸುದನಿಯಲ್ಲಿ ಹೇಳಿಕೊಡುತ್ತಿದ್ದಳು. "ಓಂಕಾರೀ, ನಿಂದು... ಹ್ಞೂ, ಈಗ ಎಳಿ." ಐವರೂ ತಡವರಿಸದೆ ಹಾಡಿದ್ದು ಆ ಪಿಸುಮಾತಿನ ಬಲದಿಂದ. ಮದುವೆಯಾಗಿ ಎಂಟು ವರ್ಷ ಈ ಪದಗಳನ್ನು ಕೇಳಿದ್ದ ಸೌಮ್ಯಳಿಗೆ ಇದು ಗೊತ್ತೇ ಇರಲಿಲ್ಲ.

ಮನೆಗೆ ಓಡಿ ಅತ್ತೆಯನ್ನು ಕರೆತಂದು ಹೆಡ್‌ಫೋನ್ ಹಾಕಿದಳು. ವಿಮಲಮ್ಮ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

"ನನ್ ದನಿ ನಮ್ಮವ್ವನ ದನಿ ಹಂಗೇ ಐತಲ್ಲೇ."

"ನಿಮ್ಮನ್ನ ತಪ್ಪು ಜಾಗದಲ್ಲಿ ಕೂರಿಸ್ಬಿಟ್ಟಿದ್ದೆ ಅತ್ತೆ. ಬೇಕು ಅಂತ ಮಾಡಿದ್ದಲ್ಲ."

"ಅದೇನು ಮಹಾ. ನೆನ್ನೆ ಒಂಚೂರು ಬೇಜಾರಾಗಿತ್ತು, ಹೋಯ್ತು ಬಿಡು."

"ಸರಿ ಮಾಡಿ ಮತ್ತೆ ಎಲ್ರಿಗೂ ಕೇಳಿಸ್ತೀನಿ. ನೀವು ಹೇಳ್ಕೊಡೋದೂ ಎಲ್ರಿಗೂ ಗೊತ್ತಾಗ್ಲಿ."

ವಿಮಲಮ್ಮ ಸಟ್ಟನೆ ಹೆಡ್‌ಫೋನ್ ತೆಗೆದಳು. "ಅದು ಬ್ಯಾಡ. ಅವರಿಗೆ ಮರ್ತೋಗ್ತದೆ ಅಂತ ಊರಿಗೆಲ್ಲಾ ಯಾಕೆ ಸಾರ್ಬೇಕು? ಪದ ಇಟ್ಕೊ, ಪಿಸುಮಾತು ತೆಗಿ."

ಸೌಮ್ಯ ಎರಡು ದಿನ ಕೂತು ಪಿಸುಮಾತುಗಳನ್ನು ಒಂದೊಂದಾಗಿ ಕತ್ತರಿಸಿದಳು. ನಾಲ್ಕನೇ ಚಾನೆಲ್ ಖಾಲಿ ಬಿಟ್ಟು, ಅತ್ತೆಯನ್ನೂ ಓಂಕಾರಮ್ಮನನ್ನೂ ಎದುರಿನ ಮಧ್ಯದ ಸ್ಪೀಕರಿಗೆ ಒಟ್ಟಿಗೆ ಹಾಕಿದಳು. ಮೂಲ ಫೈಲನ್ನು ಮಾತ್ರ, ಅತ್ತೆಯ ಒಪ್ಪಿಗೆ ಕೇಳಿಯೇ, ಪೆನ್‌ಡ್ರೈವಿನಲ್ಲಿ ತನಗಾಗಿ ಎತ್ತಿಟ್ಟುಕೊಂಡಳು.

ಮುಂದಿನ ಭಾನುವಾರ ಭವನದಲ್ಲಿ ಮತ್ತೆ ಪದ ಹಾಕಿದರು. ಈ ಸಲ ಆರು ದನಿಗಳೂ ಸುತ್ತಲಿಂದ ಬಂದು ಮಧ್ಯೆ ಕೂತವರನ್ನು ತಬ್ಬಿಕೊಂಡವು. ಯಾರೂ ನಗಲಿಲ್ಲ. ಮುಗಿದ ಮೇಲೆ ರೇಣುಕಪ್ರಸಾದ್, "ಇನ್ನೊಂದ್ಸಲ ಹಾಕ್ಲಾ?" ಎಂದು ಕೇಳಿದಾಗ ಹ್ಞೂ ಅನ್ನದವರಿಲ್ಲ.

ಟೀ ಕುಡಿಯುವಾಗ ಓಂಕಾರಮ್ಮ ಹಿಗ್ಗಿಹೋಗಿದ್ದಳು. "ನೋಡ್ದ್ಯಾ ವಿಮಲೀ, ಇಷ್ಟುದ್ದದ ಪದದಲ್ಲಿ ನಾನು ಒಂದ್ ಕಡೇನೂ ತಪ್ಪಿಲ್ಲ!"

ವಿಮಲಮ್ಮ ಸೊಸೆಯ ಕಡೆ ಒಮ್ಮೆ ನೋಡಿದಳು. ಸೌಮ್ಯ ಲೋಟದೊಳಗೆ ಮುಖ ಇಟ್ಟು ನಗು ತಡೆದಳು.

"ನೀನು ಯಾವತ್ತು ತಪ್ಪಿದೀಯ ಕಣೇ," ಎಂದಳು ವಿಮಲಮ್ಮ, ಗೆಳತಿಗೆ ಇನ್ನಷ್ಟು ಟೀ ಬಗ್ಗಿಸುತ್ತ.