ನೆಗಿಶಿಯ ಬೆನ್ನು

ಈಗ ಎಲ್ಲರಿಗೂ ಬಾಯಿ ಬಂದಿದೆ. ಸೊಂಟಕ್ಕೆ ಕತ್ತಿ ಕಟ್ಟಿ ತಿರುಗಬಾರದೆಂದು ಹೊಸ ಸರ್ಕಾರ ಆಜ್ಞೆ ಹೊರಡಿಸಿದ ಮೇಲಂತೂ ಕ್ಯೋಟೋದ ಬೀದಿಯಲ್ಲಿ ನಡೆಯುವ ಪ್ರತಿಯೊಬ್ಬನೂ ಶೂರನೇ. ಮೊನ್ನೆ ಕಾಸು ಕೊಟ್ಟು ನನ್ನ ಸ್ನಾನದ ಮನೆಯ ಬಿಸಿನೀರಲ್ಲಿ ಕುತ್ತಿಗೆವರೆಗೆ ಮುಳುಗಿ ಕುಳಿತಿದ್ದ ಒಬ್ಬ ಬಟ್ಟೆ ವ್ಯಾಪಾರಿ, "ಆ ಕಾಗೆಪಡೆಯೋರು ಬರೀ ಕೊಲೆಗಡುಕರು ಕಣ್ರೀ, ಶೋಗುನ್ನನ ಎಂಜಲು ತಿಂದ ನಾಯಿಗಳು" ಅಂದ. ನಾನು ಬಾಗಿಲ ಬಳಿಯ ನನ್ನ ಎತ್ತರದ ಪೀಠದಿಂದಲೇ ಕೂಗಿದೆ. "ಏಯ್, ನೀನು ನೆನೀತಾ ಇರೋ ಆ ತೊಟ್ಟಿ ಇವತ್ತು ಬೂದಿಯಾಗದೆ ಉಳಿದಿರೋದೇ ಒಂದು ಕಾಗೆಯ ದಯೆಯಿಂದ. ಬಾಯ್ಮುಚ್ಕೊಂಡು ಕೂತ್ಕೋ, ಇಲ್ಲಾ ಎದ್ದು ಹೋಗು!" ಅವನು ತೆಪ್ಪಗಾದ. ಬತ್ತಲೆ ಕುಳಿತ ಗಂಡಸಿಗೆ ಜಗಳದಲ್ಲಿ ಉಮೇದು ಕಡಿಮೆ.

ಗಾಳಿ ಬಂದಾಗ ತೂರಿಕೊಳ್ಳುವವರು ಎಲ್ಲ ಕಾಲಕ್ಕೂ ಇರುತ್ತಾರೆ, ಇರಲಿ. ಆದರೆ ನಾನು, ಒರಿಕು, ಬದುಕಿರುವಾಗ ನನ್ನ ಸೂರಿನ ಕೆಳಗೆ ನೆಗಿಶಿಯ ಪಡೆಯನ್ನು ಯಾರೂ ಬೈಯುವಂತಿಲ್ಲ.

ಆ ದಿನಗಳನ್ನು ಇವರು ಮರೆತಿದ್ದಾರೆ. ಬೆಳಿಗ್ಗೆ ಎದ್ದು ನದಿಯ ದಂಡೆಗೆ ಹೋದರೆ ಯಾರದೋ ರುಂಡ ಕೋಲಿನ ಮೇಲೆ ಕುಳಿತಿರುತ್ತಿತ್ತು. ಒಡೆಯನಿಲ್ಲದೆ ಅಲೆಯುವ ಕತ್ತಿಯವರು, ನಾವು ರೋನಿನ್ ಎನ್ನುತ್ತಿದ್ದೆವಲ್ಲ ಅವರು, "ದೈವದ ಶಿಕ್ಷೆ" ಎಂದು ಕೂಗಿ ಒಂದು ದಿನ ಪಂಡಿತನನ್ನು ಕಡಿಯುತ್ತಿದ್ದರು, ಇನ್ನೊಂದು ದಿನ ರೇಷ್ಮೆ ಸಾಹುಕಾರನನ್ನು. ದೈವ ಪಾಪ, ಅದಕ್ಕೇನು ಗೊತ್ತು! ಸಂಜೆಯಾದರೆ ಸಾಕು, ನಮ್ಮ ಕೇರಿಯಲ್ಲಿ ತೋಫು ಮಾರುವವನೂ ಕಾಲಿಡುತ್ತಿರಲಿಲ್ಲ. ಆಗ ನಾಡನ್ನಾಳುತ್ತಿದ್ದ ಸೇನಾಧಿಪತಿ ಶೋಗುನ್ನನ ಕಡೆಯವರು ಊರು ಕಾಯಲು ಒಂದು ಪಡೆ ಕಟ್ಟಿ ನಮ್ಮ ಓಣಿಯಾಚೆಯ ದೇವಾಲಯದಲ್ಲಿ ಇಳಿಸಿದರು. ಕರಿ ಅಂಗಿ ತೊಟ್ಟು ಗುಂಪಾಗಿ ಬರುವುದನ್ನು ನೋಡಿ ಜನ ಕಾಗೆಪಡೆ ಎಂದರು. ಎದುರಿಗೆ ತಲೆ ಬಾಗಿಸಿ, ಹಿಂದಿನಿಂದ ಕಾ ಕಾ ಎನ್ನುತ್ತಿದ್ದರು. ನನಗೋ ಅವರನ್ನು ಕಂಡರೆ ಮೊದಲ ದಿನದಿಂದ ಇಷ್ಟ. ಅವರು ಬಂದ ಮೇಲೆ ಸಂಜೆಯ ತೋಫು ಮತ್ತೆ ಬಂತು.

ಆದರೆ ಅವರ ಕಟ್ಟಳೆ ಮಾತ್ರ ಭಯಂಕರ. ಅದರಲ್ಲೊಂದು ಇಡೀ ಊರಿಗೇ ಗೊತ್ತಿತ್ತು: ಪಡೆಯವನ ಬೆನ್ನ ಮೇಲೆ ಕತ್ತಿಯ ಗಾಯ ಕಂಡರೆ ಅವನು ತನ್ನ ಹೊಟ್ಟೆಯನ್ನು ತಾನೇ ಕೊಯ್ದುಕೊಂಡು ಸಾಯಬೇಕು. ಎದುರಾಳಿಗೆ ಬೆನ್ನು ತೋರಿಸಿ ಓಡಿದವನಿಗೆ ತಾನೇ ಬೆನ್ನಲ್ಲಿ ಗಾಯವಾಗುವುದು? ನಾಯಕ ಕಾಜಿತಾನಿ ಈ ವಿಷಯದಲ್ಲಿ ಕಲ್ಲು. ಒಮ್ಮೆ ಸ್ವಂತ ಸೋದರಳಿಯನಿಗೇ ಹೊಟ್ಟೆ ಕೊಯ್ದುಕೊಳ್ಳಲು ಬಿಳಿ ಚಾಪೆ ಹಾಸಿಸಿದ್ದ.

ನೆಗಿಶಿ ಆ ಪಡೆಯವನು. ಪೂರ್ವದ ಸೀಮೆಯ ರೈತನ ಮಗ, ಅಗಲ ಭುಜ, ನಿಧಾನದ ಮಾತು. ಅವನ ಸೀಮೆಯ ಮಾತಿನ ಧಾಟಿಗೆ ನಾವು ನಕ್ಕರೆ ನಮಗಿಂತ ಮೊದಲು ತಾನೇ ನಗುತ್ತಿದ್ದ. ನಾನು ಉಪ್ಪು ಹಾಕಿಟ್ಟ ಮೂಲಂಗಿ ಎಂದರೆ ಪ್ರಾಣ ಬಿಡುತ್ತಿದ್ದ. ನೀರು ಕಾದ ತಕ್ಷಣ, ಇನ್ನೂ ಯಾರೂ ಬಾರದ ಹೊತ್ತಿಗೆ ಬಂದು, ನಮ್ಮ ಮನೆಯ ಪದ್ಧತಿಯಂತೆ ಕತ್ತಿಗಳನ್ನು ಬಾಗಿಲಲ್ಲೇ ಗೂಟಕ್ಕೆ ಇಟ್ಟು, ಬರಿಗಾಲಲ್ಲಿ ಒಳಗೆ ಬರುತ್ತಿದ್ದ.

ಅವತ್ತೂ ಹಾಗೇ ಬಂದ. ವಸಂತದ ಒಣಗಾಳಿ ಬೀಸುತ್ತಿತ್ತು. ಗಿರಾಕಿಗಳ ಬೆನ್ನು ತಿಕ್ಕುವ ನಮ್ಮ ಮುದುಕ ಮೊಕುಬೆ ಹೆಂಡತಿಯ ತಿಥಿಗೆಂದು ಗೋರಿಯ ಬಳಿಗೆ ಹೋಗಿದ್ದ. ಒಲೆ ಉರಿಸಲು ಯಾಸೋ ಎಂಬ ಹೊಸ ಆಳಿದ್ದ. ಮೊಕುಬೆಯೇ "ನಮ್ಮೂರ ಕಡೆಯೋನು, ಪಾಪ" ಎಂದು ಕರೆತಂದು ಸೌದೆ ಕೋಣೆಯಲ್ಲಿ ಮಲಗಲು ಜಾಗ ಕೊಟ್ಟಿದ್ದ. ಕೇರಿಯ ಹಿರಿಯನಿಗೆ ತಿಳಿಸಿರಲಿಲ್ಲ, ಜಾಮೀನೂ ಇರಲಿಲ್ಲ. ಹಾಗೆ ಅಪರಿಚಿತರನ್ನು ಇಟ್ಟುಕೊಂಡ ಮನೆಯವರ ತಲೆ ಹೋಗುವ ಕಾಲ ಅದು.

ನೆಗಿಶಿ ಅಂಗಿ ಬಿಚ್ಚಿ ಮೂಗು ಅರಳಿಸಿದ. "ಒರಿಕಮ್ಮಾ, ದೀಪದ ಎಣ್ಣೆ ಚೆಲ್ಲಿದ್ದೀಯಾ?"

"ಎಣ್ಣೆ ಚೆಲ್ಲೋಕೆ ನಮ್ಮಪ್ಪ ಏನ್ ಸಾಹುಕಾರನಾ?" ಅಂದೆ.

ಅವನು ನಗಲಿಲ್ಲ. ಸೊಂಟದ ಬಟ್ಟೆಯಲ್ಲೇ ಒಲೆಯ ಕೋಣೆಗೆ ಓಡಿದ. ಹಿಂದೆಯೇ ನಾನು. ಯಾಸೋ ಹುಲ್ಲು ಪುರಲೆಗಳ ಮೇಲೆ ಎಣ್ಣೆ ಸುರಿಯುತ್ತಿದ್ದ. ಸ್ನಾನದ ಮನೆಯ ಹೊಗೆಯನ್ನು ಯಾರು ತಾನೇ ತಿರುಗಿ ನೋಡುತ್ತಾರೆ! ಗಾಳಿಯ ದಿನ ಇಲ್ಲಿಂದ ಊರಿಗೆ ಬೆಂಕಿ ಹಚ್ಚಿ, ಆ ಗೊಂದಲದಲ್ಲಿ ಅರಮನೆಗೆ ನುಗ್ಗುವ ಸಂಚು ಅವನ ರೋನಿನ್ ಗುಂಪಿನದೆಂದು ಆಮೇಲೆ ತಿಳಿಯಿತು. ನಮ್ಮನ್ನು ಕಂಡದ್ದೇ ಸೌದೆಯ ಹೊರೆಯೊಳಗಿಂದ ಕತ್ತಿ ಎಳೆದ. ನೆಗಿಶಿಯ ಕತ್ತಿ ನನ್ನ ಬಾಗಿಲ ಗೂಟದಲ್ಲಿ! ಅವನು ಒಂದು ಕೊರಡು ಎತ್ತಿಕೊಂಡ. ಎರಡು ಏಟು ತಡೆದ, ಮೂರನೆಯದಕ್ಕೆ ಯಾಸೋನ ಮಣಿಕಟ್ಟಿಗೆ ಬಿಟ್ಟ. ಸೋಲುತ್ತೇನೆಂದು ಗೊತ್ತಾದ ಆ ನೀಚ ಒಲೆಯ ಬಾಯನ್ನು ಒದ್ದು ತೆರೆದ. ಕೆಂಡವೆಲ್ಲ ಎಣ್ಣೆಹುಲ್ಲಿನ ಮೇಲೆ ಉರುಳಿತು.

ನೆಗಿಶಿ ಕೊರಡು ಬಿಸಾಡಿ ತಿರುಗಿಬಿಟ್ಟ. ಕತ್ತಿ ಹಿಡಿದವನಿಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ಕೆಂಡ ತುಳಿಯತೊಡಗಿದ. ನಾನು ಬಕೆಟ್ ಮೇಲೆ ಬಕೆಟ್ ನೀರು ಎರಚಿದೆ. ಅಷ್ಟರಲ್ಲಿ ಯಾಸೋ ಹಿಂದಿನಿಂದ ಬೀಸಿದ ಏಟು ಬಲ ಭುಜದಿಂದ ಎಡ ಸೊಂಟದವರೆಗೆ ಇಳಿಯಿತು.

"ಅಯ್ಯೋ, ಸ್ವಾಮೀ, ಬೆನ್ನು!"

"ಬೆನ್ನು ಹಾಳಾಗ್ಲಿ, ಆ ಮೂಲೆಗೆ ನೀರ್ ಹಾಕಮ್ಮಾ!"

ಯಾಸೋ ಹಿತ್ತಲಿನಿಂದ ಓಡಿಹೋದ. ನೆಗಿಶಿ ತಿರುಗಿಯೂ ನೋಡಲಿಲ್ಲ. ಕೊನೆಯ ಕೆಂಡ ಆರುವವರೆಗೆ ತುಳಿಯುತ್ತಲೇ ಇದ್ದ. ಸುಟ್ಟ ಚರ್ಮದ ಆ ವಾಸನೆ ನನಗೆ ಇವತ್ತಿಗೂ ಮರೆತಿಲ್ಲ. ಆಮೇಲೆ ಗೋಡೆಗೆ ಎಡಭುಜ ಆನಿಸಿ ಕುಳಿತು, "ಬಟ್ಟೆ ಇದ್ರೆ ಕೊಡು, ಕಟ್ಟೋಣ" ಅಂದ.

ಕಟ್ಟುತ್ತಾ ನಾನು ಅತ್ತೆ. ಅವನಿಗೇನಾಗುತ್ತದೆಂದು ನನಗೆ ಗೊತ್ತಿತ್ತಲ್ಲ. "ನಾಯಕರಿಗೆ ಹೋಗಿ ನಡೆದದ್ದು ನಡೆದಹಾಗೆ ಹೇಳ್ತೀನಿ" ಅಂದೆ.

"ಹೇಳಿ? ಯಾಸೋಗೆ ಜಾಗ ಕೊಟ್ಟವರು ಯಾರು ಅಂತ ಕೇಳ್ತಾರೆ. ನಿನ್ನ ತಲೆ, ಆ ಮುದುಕನ ತಲೆ, ಎರಡೂ ಉರುಳುತ್ತೆ. ಸುಮ್ನಿದ್ರೆ ಯಾರದ್ದೂ ಉರುಳಲ್ಲ. ಬಟ್ಟೆ ಹಾಕ್ಕೊಂಡ್ರೆ ಯಾರ ಬೆನ್ನು ಯಾರಿಗ್ ಕಾಣುತ್ತೆ? ಆ ಯಾಸೋನ ಮುಖ ನಂಗೆ ನೆನಪಿದೆ. ಅವನನ್ನ ನಾನ್ ನೋಡ್ಕೋತೀನಿ."

ನೋಡಿಕೊಂಡ. ಕೆಲವು ದಿನಗಳಲ್ಲೇ ಸೇತುವೆಯ ಬಳಿ ಯಾಸೋನನ್ನೂ ಅವನ ಗುಂಪನ್ನೂ ಪಡೆ ಮುತ್ತಿತು. ಹುಣ್ಣಾದ ಅಂಗಾಲಲ್ಲಿ, ಬಿಗಿದ ಬೆನ್ನಲ್ಲಿ ಎಲ್ಲರಿಗಿಂತ ಮುಂದೆ ನುಗ್ಗಿದವನು ನೆಗಿಶಿ. ಯಾಸೋ ಎದುರೆದುರು ಹೋರಾಡಿ ಸತ್ತ. ಕುಂಟುವುದೇಕೆಂದು ಗೆಳೆಯರು ಕೇಳಿದರೆ, "ಹುಲ್ಲಿನ ಚಪ್ಪಲಿ ಕಚ್ಚಿತು" ಎನ್ನುತ್ತಿದ್ದನಂತೆ. ಇಂಥವನನ್ನು ಹೊಗಳದೆ ಇನ್ನಾರನ್ನು ಹೊಗಳಲಿ ಹೇಳಿ!

ಮೊಕುಬೆಗೆ ಮಾತ್ರ, ಯಾಸೋ ಹೇಳದೆ ಓಡಿಹೋದ ಎಂದದ್ದು ಬಿಟ್ಟರೆ, ನಾವು ಏನೂ ಹೇಳಲಿಲ್ಲ. ಅವನ ನಾಲಿಗೆಗೆ ಎಲುಬಿಲ್ಲ, ಬಾಯಿಗೆ ಬಾಗಿಲಿಲ್ಲ. ನೆಗಿಶಿ ಒಬ್ಬನೇ ಬಂದು ಮೀಯುವಾಗ ಗಾಯ ಕಂಡ ಮುದುಕನಿಗೆ, ಯಾವುದೋ ದೊಡ್ಡ ಕಾಳಗದಲ್ಲಿ ಆದದ್ದು ಎಂಬ ಭಾವನೆ. ಕಟ್ಟಳೆ ಅವನಿಗೂ ಗೊತ್ತಿತ್ತು. ಆದರೆ ಬೆನ್ನು ತಿಕ್ಕುವವನಿಗೆ ಬೆನ್ನೇ ಲೋಕ. ಒಳ್ಳೆಯ ಬೆನ್ನು ಕಂಡರೆ ಅವನಿಗೆ ಬೇರೆಲ್ಲ ಮರೆತುಹೋಗುತ್ತಿತ್ತು. ಕುಂಬಾರ ತನ್ನ ಮಡಕೆಯನ್ನು ಹೊಗಳುವ ಹಾಗೆ ಅವನು ಗಿರಾಕಿಗಳ ಬೆನ್ನನ್ನು ಹೊಗಳುತ್ತಿದ್ದ.

ಹೂವೆಲ್ಲ ಉದುರಿ ಎಲೆ ಚಿಗುರಿದ ಹೊತ್ತಿಗೆ ನಾಯಕ ಕಾಜಿತಾನಿ ಸ್ನಾನಕ್ಕೆ ಬಂದ. ಮೊಕುಬೆ ತಿಕ್ಕಲು ಕುಳಿತ. ನಾನು ಪೀಠದ ಮೇಲಿದ್ದೆ.

"ಏನ್ ಧಣಿ, ನಿಮ್ಮ ಬೆನ್ನು ಮದುಮಗಳ ಬೆನ್ನು ಇದ್ದಂಗಿದೆ! ಗಂಡಸಿನ ಬೆನ್ನು ಅಂದ್ರೆ ನಿಮ್ಮ ನೆಗಿಶಿಯವರದ್ದು. ಈ ಭುಜದಿಂದ ಆ ಸೊಂಟಕ್ಕೆ ಕತ್ತಿ ಗೀರು, ಈಗಷ್ಟೇ ಮಾಯ್ತಾ ಇದೆ. ನಾನು ತಿಕ್ಕಿದ್ರೆ ಉಸ್ ಅನ್ನಬೇಕಲ್ಲ ಪುಣ್ಯಾತ್ಮ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಯಕ ಎದ್ದ. ನೀರು ಸುರಿದುಕೊಂಡ, ಮೈ ಒರೆಸಿಕೊಂಡ, ಹೋಗುವಾಗ ನನ್ನ ಕಡೆ ತಿರುಗಿ "ನೀರು ಚೆನ್ನಾಗಿತ್ತು" ಅಂದ. ಅಷ್ಟೇ.

ಮರುದಿನ ಮಧ್ಯಾಹ್ನ ತೋಫು ಮಾರುವವನು ಬಂದು, "ಗುಡಿಯ ಅಂಗಳದಲ್ಲಿ ಬಿಳಿ ಚಾಪೆ ಹಾಸ್ತಾ ಇದ್ದಾರೆ ಕಣಮ್ಮಾ, ಯಾರ ಗ್ರಹಚಾರವೋ" ಅಂದ. ನಾನು ಮೊಕುಬೆಯನ್ನು ಒಳಗೆ ಎಳೆದು ಎಲ್ಲ ಹೇಳಿದೆ. ಮುದುಕ ಹಣೆ ಚಚ್ಚಿಕೊಂಡ.

"ನನ್ನ ನಾಲಿಗೆ ಕಿತ್ತಾಕಮ್ಮಾ, ಕಿತ್ತಾಕು!"

"ಆಮೇಲೆ ಕೀಳ್ತೀನಿ. ಈಗ ನಾನು ಹೋಗ್ತೀನಿ. ನಾನು ಬಾಯಿ ಬಿಟ್ರೆ ನಮ್ಮಿಬ್ಬರ ತಲೆ ಹೋಗಬಹುದು. ಆಗಬಹುದಾ?"

ಅವನು ಮೂಗು ಒರೆಸಿಕೊಂಡ. "ನನ್ನದು ಹೇಗೂ ಬೋಳು ತಲೆ. ನಡಿಯಮ್ಮಾ, ನಾನೂ ಬರ್ತೀನಿ."

ಬಾಗಿಲ ಕಾವಲಿನವರು ತಡೆದರು. ನಾನು ಅವರಿಬ್ಬರ ಹೆಸರನ್ನೂ ಹಿಡಿದು, ಯಾರ ಮೈಮೇಲೆ ಎಲ್ಲಿ ಮಚ್ಚೆ ಇದೆಯೆಂದು ಬೀದಿಗೆ ಕೇಳುವಂತೆ ಕೂಗತೊಡಗಿದೆ. ಬಿಟ್ಟರು.

ಅಂಗಳದಲ್ಲಿ ನೆಗಿಶಿ ಬಿಳಿ ಬಟ್ಟೆಯಲ್ಲಿ, ಬರಿಗಾಲಲ್ಲಿ, ಮಂಡಿಯೂರಿ ಕುಳಿತಿದ್ದ. ಮುಂದೆ ಕಿರುಗತ್ತಿ. ಹೊಟ್ಟೆ ಕೊಯ್ದುಕೊಂಡ ಮೇಲೆ ಕುತ್ತಿಗೆಗೆ ಕೊನೆಯ ಏಟು ಹಾಕಲು ಅವನ ಆಪ್ತ ಗೆಳೆಯ ಹಿರೋಸೆ ಹಿಂದೆ ಕತ್ತಿ ಹಿಡಿದು ನಿಂತಿದ್ದ. ಎದುರಿಗೆ ಜಗಲಿಯ ಮೇಲೆ ಕಾಜಿತಾನಿ.

"ಇದು ಹೆಂಗಸರು ಬರೋ ಜಾಗ ಅಲ್ಲ" ಅಂದ ನಾಯಕ.

"ಹಾಗಾದ್ರೆ ಗಂಡಸರು ಕಣ್ಣು ಬಿಟ್ಟು ನೋಡಬೇಕಿತ್ತು!" ಅಂದೆ. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಯಾಸೋ, ಎಣ್ಣೆ, ಬೆಂಕಿ, ಜಾಮೀನಿಲ್ಲದೆ ಜಾಗ ಕೊಟ್ಟದ್ದು, ಎಲ್ಲ ಹೇಳಿಬಿಟ್ಟೆ.

ನೆಗಿಶಿ ತಲೆ ಎತ್ತದೆಯೇ, "ಆಕೆ ಸುಳ್ಳು ಹೇಳ್ತಾ ಇದ್ದಾಳೆ, ನನ್ನ ಮೇಲಿನ ಮರುಕಕ್ಕೆ. ಹೊರಗೆ ಕಳಿಸಿ" ಅಂದ. ಸಾಯುವ ಗಳಿಗೆಯಲ್ಲೂ ನನ್ನ ಕುತ್ತಿಗೆ ಕಾಯುತ್ತಿದ್ದ, ಪಾಪಿ!

ನಾಯಕ ಕೇಳಿದ. "ಗಿರಾಕಿಯ ಪರವಾಗಿ ಸ್ನಾನದ ಮನೆಯವಳು ಏನು ಬೇಕಾದ್ರೂ ಹೇಳಬಹುದು. ಯಾಸೋ ಸತ್ತ. ಸಾಕ್ಷಿ ಎಲ್ಲಿ?"

"ಎಲ್ಲರೂ ಆ ಬೆನ್ನನ್ನೇ ನೋಡಿದ್ರಿ. ಇನ್ನೊಂದು ಮೊಳ ಕೆಳಗೆ ಯಾರಾದ್ರೂ ನೋಡಿದ್ರಾ? ಅವರ ಹಿಂದೆ ನಿಂತಿರೋರಿಗೆ ಕಾಣ್ತಾ ಇರಬೇಕು. ಕೇಳಿ!"

ಮಂಡಿಯೂರಿ ಕುಳಿತವನ ಅಂಗಾಲು ಹಿಂದಕ್ಕೆ, ಆಕಾಶಕ್ಕೆ ತೆರೆದಿರುತ್ತದೆ. ಹಿರೋಸೆ ಕಣ್ಣು ಕೆಳಗಿಳಿಸಿದ. ಕತ್ತಿಯನ್ನು ಪಕ್ಕಕ್ಕೆ ಸರಿಸಿದ. ಕಾಜಿತಾನಿ ಜಗಲಿಯಿಂದ ಇಳಿದು, ಸುತ್ತಿ ಬಂದು, ಬಗ್ಗಿದ. ಎರಡು ಅಂಗಾಲುಗಳೂ ಹಿಮ್ಮಡಿಯಿಂದ ಬೆರಳ ತುದಿವರೆಗೆ ಕರಗಿ ಮಾಯ್ದ ಮೇಣದಂತಿದ್ದವು. ನಾಯಕ ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದ. ತನ್ನ ಸೋದರಳಿಯನಿಗೆ ಚಾಪೆ ಹಾಸಿಸಿದ ಆ ಮನುಷ್ಯ ಬಹಳ ಹೊತ್ತು ಹಾಗೇ ಬಗ್ಗಿದ್ದ.

ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಅಂದ. "ಎದುರಾಳಿಗೆ ಬೆನ್ನು ತೋರಿಸಿದೋನು ಸಾಯಬೇಕು. ಕಟ್ಟಳೆ ಬದಲಾಗಲ್ಲ. ಹಿರೋಸೆ, ಅವತ್ತು ಈ ಊರಿಗೆ ಎದುರಾಳಿ ಯಾರು?"

"ಬೆಂಕಿ" ಅಂದ ಹಿರೋಸೆ.

"ಇವನು ಬೆಂಕಿಗೆ ಬೆನ್ನು ತೋರಿಸಿದನಾ?"

"ಇಲ್ಲ."

"ಚಾಪೆ ಸುತ್ತಿ."

ಮೊಕುಬೆ ಅಲ್ಲೇ ಅಂಗಳದಲ್ಲಿ ಕುಳಿತು ಮಗುವಿನಂತೆ ಅತ್ತ. ನಾಯಕ ನನ್ನ ಕಡೆ ತಿರುಗಿದ. "ನೀನು ಮುರಿದ ಕಟ್ಟಳೆಯೂ ಇದೆ. ತಲೆ ಬೇಡ, ಅದರಲ್ಲಿರೋ ಬಾಯಿ ಕಂಡ್ರೆ ನನಗೇ ಹೆದರಿಕೆಯಾಗುತ್ತೆ. ಹೊಸ ಅಕ್ಕಿ ಬರೋವರೆಗೆ ನಿನ್ನ ಬಾಗಿಲಿಗೆ ಅಡ್ಡ ಬಿದಿರು ಬಡಿದು ಮುಚ್ಚಬೇಕು." ಬಡಿದರು. ಬೇಸಿಗೆಯೆಲ್ಲ ನಾವು ಗಂಜಿ ಕುಡಿದು ಬದುಕಿದೆವು. ಬಿದಿರು ಕಿತ್ತ ದಿನ ಮೊದಲು ಒಳಗೆ ಬಂದವನು ಕಾಜಿತಾನಿ, ಹಿಂದೆ ಇಡೀ ಪಡೆ. ಗೂಟದಲ್ಲಿ ಕತ್ತಿ ಇಡಲು ಜಾಗ ಸಾಲಲಿಲ್ಲ. ನೆಗಿಶಿ ಎಲ್ಲರ ನಡುವೆ ಬೆನ್ನು ತೆರೆದು ಕುಳಿತ, ಮತ್ತೆ ಮೂಲಂಗಿ ಕೇಳಿದ.

ಮುಂದೆ ಶೋಗುನ್ನನ ಕಾಲ ಮುಗಿಯಿತು. ಊರ ದಕ್ಷಿಣಕ್ಕೆ ಫುಶಿಮಿಯ ಕಡೆ ಫಿರಂಗಿಯ ಸದ್ದು ಹಗಲೆಲ್ಲ ಕೇಳಿಸಿತು. ಕಾಗೆಪಡೆ ಕತ್ತಿ ಹಿಡಿದು ಹೊಸ ಸರ್ಕಾರದವರ ಬಂದೂಕಿನ ಎದುರು ನಿಂತಿತ್ತು. ಸೋತವರ ಹೆಣ ಮುಟ್ಟಲು ಊರಲ್ಲಿ ಎಲ್ಲರಿಗೂ ಹೆದರಿಕೆ. ನಾನೂ ಮೊಕುಬೆಯೂ ಸೌದೆ ತರುವ ಕೈಗಾಡಿ ತಳ್ಳಿಕೊಂಡು ಹೋದೆವು. ನೆಗಿಶಿ ಹೆಪ್ಪುಗಟ್ಟಿದ ಗದ್ದೆಯಲ್ಲಿ ಮುಖ ಮೇಲೆ ಮಾಡಿ ಮಲಗಿದ್ದ.

ಮನೆಗೆ ತಂದು, ಒಲೆ ಹೊತ್ತಿಸಿ, ನೀರು ಕಾಯಿಸಿ ಮೀಯಿಸಿದೆವು. ಎದೆಯಲ್ಲಿ, ಹೊಟ್ಟೆಯಲ್ಲಿ, ತೊಡೆಯಲ್ಲಿ ಗುಂಡುಗಳು. ಮೊಕುಬೆ ಅವನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ತಿಕ್ಕಿದ. ಅಲ್ಲಿ ನಮ್ಮ ಮನೆಯ ಆ ಒಂದು ಗಾಯ ಬಿಟ್ಟರೆ ಬೇರೇನೂ ಇರಲಿಲ್ಲ. ಆಯುಷ್ಯವೆಲ್ಲ ಬೆನ್ನು ತಿಕ್ಕಿದವನು, ಗಿರಾಕಿಯ ಪಾದ ಮುಟ್ಟುವುದು ತನ್ನ ಕೆಲಸವಲ್ಲ ಎನ್ನುತ್ತಿದ್ದವನು, ಆಮೇಲೆ ಕೆಳಗೆ ಸರಿದು ಆ ಎರಡು ಅಂಗಾಲುಗಳನ್ನು ತೊಡೆಯ ಮೇಲಿಟ್ಟುಕೊಂಡ. ಬಾಯಿ ಬಿಡದೆ, ನೀರು ಆರುವವರೆಗೆ ತೊಳೆಯುತ್ತಲೇ ಇದ್ದ.